ನಂಜುಂಡ ಅಣುಜೀವಿಗಳು

ಬಾವಿಯ ನೀರು ತಿಳಿಯಾಗಿದ್ದರೆ ನಮ್ಮವರಿಗೆ ಅರ್ಧ ಸಮಾಧಾನ. ರುಚಿಯೂ ಸಿಹಿಯಾಗಿದ್ದರೆ ಪೂರ್ತಿ ಸಮಾಧಾನ. ಸೋಸುವುದಕ್ಕೊಂದು ಬಿಳಿಯ ಬಟ್ಟೆ, ಕಾಯಿಸುವುದಕ್ಕೊಂದು ತಪ್ಪಲೆ, ಇಷ್ಟಿದ್ದರೆ ಮನೆಯ ಗೃಹಿಣಿ ನಿಶ್ಚಿಂತೆಯಿಂದ ಮಕ್ಕಳ ಕೈಗೆ ಲೋಟ ಕೊಡುತ್ತಾಳೆ. ಕಾಲರಾ, ವಿಷಮಶೀತಜ್ವರಗಳ ಮಟ್ಟಿಗೆ ಈ ಎಚ್ಚರಿಕೆ ಸಾಕು. ಆದರೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ, ನಾಲಗೆಗೆ ಸಿಕ್ಕದ, ಕುದಿಸಿದಷ್ಟೂ ಗಟ್ಟಿಯಾಗುವ ನಂಜೊಂದು ಆ ನೀರಿನಲ್ಲಿದ್ದರೆ ಏನು ಮಾಡಬೇಕು?

ಇದು ಊಹೆಯ ಮಾತಲ್ಲ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿಯಿಂದ ಹೊರಟು, ತಾಲ್ಲೂಕಿನ ತೆಂಕಣ ಮೇರೆಯನ್ನು ದಾಟಿದರೆ ಯಾದಗಿರಿ ಜಿಲ್ಲೆ ಸಿಕ್ಕುತ್ತದೆ. 2009ರ ಕೊನೆಯವರೆಗೂ ಇದು ಕಲಬುರಗಿ ಜಿಲ್ಲೆಯದೇ ಭಾಗವಾಗಿತ್ತು. ಇಲ್ಲಿನ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಒಂದು ಹಳ್ಳಿಯಿದೆ. ಕಡಲ ತೀರದ ಮಂಗಳೂರಿಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಈ ಹಳ್ಳಿಯ ಸುತ್ತ ಚಿನ್ನವನ್ನು ಗರ್ಭದಲ್ಲಿಟ್ಟುಕೊಂಡ ಹಸುರು ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಅಲ್ಲಿ ಹಿಂದೆ ಚಿನ್ನದ ಗಣಿ ನಡೆಯುತ್ತಿತ್ತು. ಚಿನ್ನ ಹೋಯಿತು, ಗಣಿಯವರೂ ಹೋದರು, ಅರೆದು ಚೆಲ್ಲಿದ ಕಲ್ಲಿನ ಹುಡಿ ಮಾತ್ರ ಉಳಿಯಿತು. ಆ ಗಣಿಯ ಸಮೀಪದಲ್ಲಿರುವ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳು ಗಟ್ಟಿಯಾಗಿ ಗಂಟುಗಟ್ಟುತ್ತಿವೆ, ಮೈಮೇಲೆ ಕಪ್ಪು ಮಚ್ಚೆಗಳೇಳುತ್ತಿವೆ ಎಂಬ ಸುದ್ದಿ ಹಬ್ಬಿದ ಮೇಲೆ ತಜ್ಞರು ಹೋಗಿ ಪರೀಕ್ಷಿಸಿದರು.

2013ರಲ್ಲಿ ಪ್ರಕಟವಾದ ಅವರ ವರದಿಯನ್ನು ಓದಿದವರಿಗೆ ಆ ದಿನ ಊಟ ರುಚಿಸಲಾರದು. ಪರೀಕ್ಷಿಸಿದ 59 ಕೊಳವೆ ಬಾವಿಗಳ ಪೈಕಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಅಂಶವು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಒಂದು ಬಾವಿಯಲ್ಲಂತೂ 303 ಮೈಕ್ರೋಗ್ರಾಂ, ಎಂದರೆ ಮಿತಿಯ ಮೂವತ್ತು ಪಟ್ಟು. ಕೂದಲು ಮತ್ತು ಉಗುರು ಕೊಟ್ಟ 171 ಮಂದಿಯಲ್ಲಿ ಒಬ್ಬರಾದರೂ ಪಾರಾಗಿರಲಿಲ್ಲ. ಎಲ್ಲರಲ್ಲಿಯೂ ಆರ್ಸೆನಿಕ್ ಹೆಚ್ಚಾಗಿಯೇ ಇತ್ತು. ವೈದ್ಯರು ನೋಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದಲ್ಲಿ ಅದರ ಗುರುತು ಮೂಡಿತ್ತು. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಹೆದರುತ್ತಿದ್ದ ವಸ್ತುವೇ. ಒಂದೇ ಸಲ ಹೆಚ್ಚಾಗಿ ಹೊಟ್ಟೆಗೆ ಹೋದರೆ ಪ್ರಾಣ ತೆಗೆಯುತ್ತದೆ. ದಿನದಿನವೂ ಎಳ್ಳುಕಾಳಿಗಿಂತ ಕಡಿಮೆಯಾಗಿ ನೀರಿನೊಡನೆ ಹೋದರೆ ಹತ್ತಾರು ವರ್ಷ ಕಾದು, ಚರ್ಮವನ್ನು ಕೆಡಿಸಿ, ಕೊನೆಗೆ ಕ್ಯಾನ್ಸರಿಗೂ ಹಾದಿ ಮಾಡುತ್ತದೆ.

ಈಚಿನ ವರ್ಷಗಳಲ್ಲಿ ಇಂಥ ನೆಲಗಳ ಮಾತು ಬಂದಾಗಲೆಲ್ಲ ಒಂದು ಹೊಸ ಆಶೆಯ ಮಾತೂ ಕೇಳಿಬರುತ್ತಿದೆ. ಕಾರ್ಖಾನೆಗಳೂ ಗಣಿಗಳೂ ಕೆಡಿಸಿಹೋದ ಅಂತರ್ಜಲವನ್ನು ಬ್ಯಾಕ್ಟೀರಿಯಗಳೆಂಬ ಅಣುಜೀವಿಗಳಿಂದಲೇ ಶುದ್ಧಮಾಡಿಸಬಹುದಂತೆ. ಕೇಳಲು ಇಂಪಾದ ಮಾತು. ಎಷ್ಟು ನಿಜ, ಯಾವ ನೆಲದಲ್ಲಿ ನಿಜ, ಕಿರದಳ್ಳಿಯಂಥ ಊರಿಗೆ ಅದರಿಂದ ಏನು ದೊರೆತೀತು, ಈ ವಾರ ಇಷ್ಟನ್ನು ವಿಚಾರಿಸೋಣ.

ನೆಲದೊಳಗಿನ ನೀರೆಂದರೆ ಕಲ್ಲಿನ ಗುಹೆಯಲ್ಲಿ ಹರಿಯುವ ಹೊಳೆಯೆಂದು ಅನೇಕರು ಭಾವಿಸಿರುತ್ತಾರೆ. ಅದು ಹಾಗಲ್ಲ. ಮರಳಿನ ಹರಳುಗಳ ಸಂದಿಯಲ್ಲಿ, ಬಂಡೆಯ ಬಿರುಕಿನಲ್ಲಿ ಅದು ಕೂದಲೆಳೆಯಷ್ಟು ಜಾಗದಲ್ಲಿ ನುಸುಳುತ್ತ, ಎಷ್ಟೋ ಕಡೆ ದಿನಕ್ಕೆ ಒಂದು ಗೇಣೂ ಸಾಗದೆ ತೆವಳುತ್ತದೆ. ಒಮ್ಮೆ ಅದರೊಳಕ್ಕೆ ಎಣ್ಣೆಯೋ ಬಣ್ಣದ ದ್ರಾವಣವೋ ಇಳಿಯಿತೆಂದರೆ ಹೊರಕ್ಕೆ ತೆಗೆಯುವುದು ಬಹಳ ಕಷ್ಟ. ಪಂಪು ಹಚ್ಚಿ ನೀರೆತ್ತಿ, ಮೇಲೆ ಶುದ್ಧಮಾಡಿ, ಮತ್ತೆ ಬಿಡುವ ಕ್ರಮ ಹಲವು ದೇಶಗಳಲ್ಲಿ ನಡೆದಿದೆ. ಪಂಪು ನಡೆಯುವಷ್ಟು ದಿನ ನೀರು ಸುಧಾರಿಸಿದಂತೆ ತೋರುತ್ತದೆ. ನಿಲ್ಲಿಸಿದೊಡನೆ ಜೇಡಿಮಣ್ಣಿನಲ್ಲಿ ಅವಿತಿದ್ದ ನಂಜು ಮೆಲ್ಲನೆ ಹೊರಬರುತ್ತದೆ. ಹೀಗಿರುವಲ್ಲಿ, ಆ ಸಂದಿಗೊಂದಿಗಳಲ್ಲೇ ವಾಸವಾಗಿರುವ ಯಾರಾದರೂ ಈ ಕೆಲಸವನ್ನು ವಹಿಸಿಕೊಂಡರೆ ಎಷ್ಟು ಲೇಸು!

ಅಂಥ ನಿವಾಸಿಗಳು ಇದ್ದಾರೆ. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳುಂಟು. ಇವುಗಳ ಜೀವನಕ್ರಮವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಉಣ್ಣಬೇಕು, ಉಸಿರಾಡಬೇಕು. ನಾವು ಅನ್ನವನ್ನುಂಡು, ಪ್ರಾಣವಾಯುವನ್ನು ಸೇದಿ, ಆ ಅನ್ನವನ್ನು ಮೈಯೊಳಗೇ ಮೆಲ್ಲಗೆ ಉರಿಸಿ ಶಕ್ತಿ ಪಡೆಯುತ್ತೇವೆ. ಅವೂ ಹಾಗೆಯೇ. ಆದರೆ ಪ್ರಾಣವಾಯು ಸಿಕ್ಕದ ಆಳದಲ್ಲಿ ಅವು ಸುಮ್ಮನೆ ಸಾಯುವುದಿಲ್ಲ. ಅದರ ಬದಲಿಗೆ ನೈಟ್ರೇಟನ್ನು, ಕಬ್ಬಿಣದ ತುಕ್ಕನ್ನು, ಗಂಧಕದ ಲವಣಗಳನ್ನು, ಕೆಲವು ಜಾತಿಗಳಂತೂ ಕ್ರೋಮಿಯಂ ಆರ್ಸೆನಿಕ್‌ಗಳನ್ನು ಸಹ ‘ಉಸಿರಾಡಿ’ ಬದುಕುತ್ತವೆ! ಮುಂದಿನ ಕಥೆಯೆಲ್ಲ ಈ ಒಂದು ವಿಶೇಷದ ಮೇಲೆ ನಿಂತಿರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಮೊದಲು ಸುಲಭವಾದ ನಂಜಿನ ಕಥೆ. ಅಮೆರಿಕದ ದಕ್ಷಿಣ ಕೆರೊಲೈನಾ ಸಂಸ್ಥಾನದ ಹ್ಯಾನಹ್ಯಾನ್ ಎಂಬಲ್ಲಿ 1975ರಲ್ಲಿ ಸೈನ್ಯದ ಇಂಧನ ಕೋಠಿಯಿಂದ ಸುಮಾರು ಮೂರು ಲಕ್ಷ ಲೀಟರು ವಿಮಾನದ ಎಣ್ಣೆ ನೆಲಕ್ಕಿಳಿಯಿತು. ಕೂಡಲೇ ಒಂದಷ್ಟನ್ನು ತೋಡಿ ತೆಗೆದರೂ ಮಿಕ್ಕದ್ದು ಮಳೆಯ ನೀರಿನೊಡನೆ ಇಳಿದು, 1985ರ ಹೊತ್ತಿಗೆ ಹತ್ತಿರದ ಬಡಾವಣೆಯ ಕೆಳಗೆ ಬಂದು ಸೇರಿತು. ಅಲ್ಲಿಯ ಭೂಶಾಸ್ತ್ರ ಸಮೀಕ್ಷೆಯವರು ಮಣ್ಣನ್ನು ಪರೀಕ್ಷಿಸಿದಾಗ, ಅಲ್ಲಿನ ಬ್ಯಾಕ್ಟೀರಿಯಗಳು ಆಗಲೇ ಎಣ್ಣೆಯನ್ನು ಉಣ್ಣತೊಡಗಿದ್ದುದು ಕಂಡುಬಂದಿತು. ಊಟವೇನೋ ಧಾರಾಳವಾಗಿತ್ತು, ಆದರೆ ಜೊತೆಗೆ ಬೇಕಾದ ಪೋಷಕ ಲವಣಗಳು ಸಾಲದೆ ಕೆಲಸ ನಿಧಾನವಾಗಿತ್ತು. 1992ರಲ್ಲಿ ನೆಲದೊಳಗೆ ಕೊಳವೆಗಳನ್ನಿಟ್ಟು ಆ ಲವಣಗಳನ್ನು ಬಿಡತೊಡಗಿದರು. 1993 ಮುಗಿಯುವಷ್ಟರಲ್ಲಿ ಬಡಾವಣೆಯ ಕೆಳಗಿನ ಮಾಲಿನ್ಯ ನೂರಕ್ಕೆ 75ರಷ್ಟು ಇಳಿದಿತ್ತು. ಹೊರಗಿನಿಂದ ಒಂದು ಅಣುಜೀವಿಯನ್ನೂ ತಂದಿರಲಿಲ್ಲ. ಹೊಲದ ಯಜಮಾನ ಆಳಿಗೆ ಹೊತ್ತಿಗೆ ಸರಿಯಾಗಿ ಬುತ್ತಿ ಕಳಿಸಿದಂತೆ, ಇದ್ದ ಆಳುಗಳನ್ನೇ ವಿಚಾರಿಸಿಕೊಂಡದ್ದರ ಫಲ ಅದು.

ಎಣ್ಣೆ ಸುಲಭವೇಕೆಂದರೆ ಅದು ಇಂಗಾಲ ಜಲಜನಕಗಳ ಗಂಟು. ಗಂಟನ್ನು ಬಿಚ್ಚಿದರೆ ಉಳಿಯುವುದು ಇಂಗಾಲಾಮ್ಲ ಮತ್ತು ನೀರು. ಉಂಡದ್ದು ಜೀರ್ಣವಾಯಿತು, ಕಥೆ ಮುಗಿಯಿತು.

ಇಲ್ಲಿ ನಮ್ಮ ದೇಶದವರೊಬ್ಬರನ್ನು ನೆನೆಯದೆ ಮುಂದೆ ಹೋಗುವುದು ಸಲ್ಲ. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಆನಂದ ಮೋಹನ ಚಕ್ರವರ್ತಿ ಎಂಬ ವಿಜ್ಞಾನಿ, ಕಚ್ಚಾ ಎಣ್ಣೆಯ ಹಲವು ಅಂಶಗಳನ್ನು ಒಂದೇ ಬ್ಯಾಕ್ಟೀರಿಯ ಉಣ್ಣುವಂತೆ 1970ರ ಸುಮಾರಿನಲ್ಲಿ ಪ್ರಯೋಗಾಲಯದಲ್ಲಿ ಅದನ್ನು ಸಿದ್ಧಗೊಳಿಸಿದರು. ಜೀವಂತ ವಸ್ತುವಿಗೆ ಪೇಟೆಂಟು ಕೊಡಬಹುದೇ ಎಂಬ ವ್ಯಾಜ್ಯವು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1980ರ ಜೂನಿನಲ್ಲಿ ಐವರಿಗೆ ನಾಲ್ವರ ಬಹುಮತದಿಂದ ಅವರ ಪರವಾಗಿ ತೀರ್ಮಾನವಾಯಿತು. ಆ ತೀರ್ಪು ಜಗತ್ಪ್ರಸಿದ್ಧವಾಯಿತು. ಆ ಅಣುಜೀವಿಯನ್ನು ಮಾತ್ರ ಯಾವ ಎಣ್ಣೆಯ ಕೆರೆಗೂ ಬಿಡಲಿಲ್ಲ. ಪ್ರಯೋಗಾಲಯದಲ್ಲಿ ಗೆದ್ದ ಪೈಲವಾನನಿಗಿಂತ ಆ ನೆಲದಲ್ಲೇ ಹುಟ್ಟಿ ಬೆಳೆದ ಬಡಕಲು ಆಳು ಆ ನೆಲದ ಕೆಲಸಕ್ಕೆ ಮೇಲೆಂಬುದು ಅನುಭವಸ್ಥರ ಮತ.

ಈ ಮಾತಿಗೆ ಅಪವಾದವೂ ಇದೆ. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯಲು ಕಾರ್ಖಾನೆಗಳಲ್ಲಿ ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರವವಿದೆ. ನೀರಿಗಿಂತ ಭಾರವಾದ್ದರಿಂದ ಅದು ಚೆಲ್ಲಿದ ಕಡೆ ಆಳಕ್ಕಿಳಿದು ಕೂರುತ್ತದೆ. ಬಹುಪಾಲು ಬ್ಯಾಕ್ಟೀರಿಯಗಳು ಅದರ ಕ್ಲೋರೀನಿನ ಪರಮಾಣುಗಳನ್ನು ಒಂದೆರಡು ಕಿತ್ತು ಸುಸ್ತಾಗಿ ನಿಲ್ಲುವುವು. ಆಗ ಉಳಿಯುವುದು ವಿನೈಲ್ ಕ್ಲೋರೈಡ್. ಮೊದಲಿನದಕ್ಕಿಂತ ಇದೇ ಹೆಚ್ಚು ಕ್ರೂರವಾದ ವಿಷ. ಎಲ್ಲ ಕ್ಲೋರೀನನ್ನೂ ಕಿತ್ತು ಎಥಿಲೀನ್ ಎಂಬ ನಿರಪಾಯ ಅನಿಲದವರೆಗೆ ಒಯ್ಯಬಲ್ಲ ಜೀವಿಯನ್ನು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಬೇರ್ಪಡಿಸಿದರು. ಅದರ ಹೆಸರು ಡಿಹ್ಯಾಲೊಕಾಕಾಯ್ಡಿಸ್. ಅದು ಇಲ್ಲದ ನೆಲಕ್ಕೆ ಅದನ್ನು ಬೆಳೆಸಿ ತಂದು ಬಿಡುವುದೂ ಈಗ ವಾಡಿಕೆಯಾಗಿದೆ. ಅರ್ಧಕ್ಕೆ ನಿಂತ ಕೆಲಸ ಮಾಡದ ಕೆಲಸಕ್ಕಿಂತ ಕೇಡು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಇಲ್ಲಿಗೆ ಉಣ್ಣಬಹುದಾದ ನಂಜುಗಳ ಕಥೆಯಾಯಿತು. ಇನ್ನು ಉಣ್ಣಲಾಗದ ನಂಜು. ಕ್ರೋಮಿಯಂ, ಪಾದರಸ, ಸೀಸಗಳಾಗಲಿ, ಆರ್ಸೆನಿಕ್ ಆಗಲಿ ಮೂಲವಸ್ತುಗಳು. ಇವುಗಳನ್ನು ಬಿಚ್ಚಲು ಗಂಟೇ ಇಲ್ಲ. ಜಗತ್ತಿನ ಯಾವ ಬ್ಯಾಕ್ಟೀರಿಯವೂ ಆರ್ಸೆನಿಕ್‌ನ ಒಂದು ಪರಮಾಣುವನ್ನೂ ಇಲ್ಲವಾಗಿಸಲಾರದು. ಹಾಗಾದರೆ ಅವುಗಳಿಂದ ಏನು ಪ್ರಯೋಜನ? ನಮ್ಮ ಪುರಾಣದಲ್ಲೇ ಇದಕ್ಕೊಂದು ಉಪಮಾನವಿದೆ. ಹಾಲಾಹಲವನ್ನು ಕುಡಿದ ಶಿವನು ಅದನ್ನು ಜೀರ್ಣಿಸಿಕೊಳ್ಳಲಿಲ್ಲ, ಉಗುಳಲೂ ಇಲ್ಲ. ಕಂಠದಲ್ಲಿ ಹಿಡಿದು ನಿಲ್ಲಿಸಿ ನಂಜುಂಡನೆನಿಸಿದನು. ಲೋಹಗಳ ವಿಚಾರದಲ್ಲಿ ಅಣುಜೀವಿಗಳು ಮಾಡಬಲ್ಲದ್ದು ಅಷ್ಟೇ. ನೀರಿನೊಡನೆ ಹರಿಯುವ ರೂಪದಲ್ಲಿರುವ ನಂಜನ್ನು ಮಣ್ಣಿಗೆ ಅಂಟಿ ಕೂರುವ ರೂಪಕ್ಕೆ ತಿರುಗಿಸಿ, ಅಲ್ಲೇ ಹಿಡಿದು ನಿಲ್ಲಿಸುವುದು. ಹಿಡಿತ ಸಡಿಲವಾದರೆ ನಂಜು ಮತ್ತೆ ಕೆಳಕ್ಕಿಳಿಯುತ್ತದೆ.

ಕ್ರೋಮಿಯಂ ಇದಕ್ಕೆ ಒಳ್ಳೆಯ ಮಾದರಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಮೆರುಗು ಹಾಕುವ ಸಣ್ಣ ಸಣ್ಣ ಕಾರ್ಖಾನೆಗಳು ಹೇರಳ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇಳಿದಿರುವುದು ಬಹುಕಾಲದಿಂದ ತಿಳಿದ ಸಂಗತಿ. ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹಾದಿಯಲ್ಲಿ ರಾಣಿಪೇಟೆಯಿದೆ. ಅಲ್ಲಿ ಚರ್ಮ ಹದಮಾಡುವ ಉದ್ಯಮಕ್ಕೆ ಕ್ರೋಮಿಯಂ ಲವಣಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದು ಮುಚ್ಚಿಹೋದಾಗ, ಒಂದೂವರೆ ಲಕ್ಷ ಟನ್ನಿಗೂ ಮೀರಿದ ಕಸವನ್ನು ಬಯಲಿನಲ್ಲಿಯೇ ಬಿಟ್ಟುಹೋಯಿತು. ಮಳೆ ಬಿದ್ದಾಗ ಅಲ್ಲಿಂದ ಹಳದಿಯ ನೀರು ಹರಿಯುತ್ತದೆ. ಈ ಹಳದಿಯ ಕ್ರೋಮಿಯಂ ನೀರಿನಲ್ಲಿ ಚೆನ್ನಾಗಿ ಕರಗುವಂಥದು, ಕ್ಯಾನ್ಸರ್ ತರುವಂಥದು. ಇದರದೇ ಇನ್ನೊಂದು ರೂಪ ಹಸಿರು. ಅದು ಅಷ್ಟು ಕೆಟ್ಟದ್ದಲ್ಲ, ಸಾಮಾನ್ಯ ನೀರಿನಲ್ಲಿ ಕರಗದೆ ಮಣ್ಣಿನಲ್ಲೇ ನಿಲ್ಲುತ್ತದೆ. ಹಳದಿಯನ್ನು ಹಸಿರಾಗಿಸುವ ಬ್ಯಾಕ್ಟೀರಿಯಗಳನ್ನು ಮದರಾಸಿನ ಐ.ಐ.ಟಿ.ಯ ಸಂಶೋಧಕರು ಅಂಥ ಕೆಟ್ಟ ಮಣ್ಣಿನಿಂದಲೇ ಆರಿಸಿ ಬೆಳೆಸಿದರು. ನೀರು ಹರಿಯುವ ದಾರಿಗೆ ಅಡ್ಡಲಾಗಿ ಅವುಗಳದೊಂದು ಗೋಡೆಯನ್ನು ಕಟ್ಟಿದಂತೆ ಮಾಡಿ, ಕ್ರೋಮಿಯಂ ಅದನ್ನು ದಾಟದಂತೆ ತಡೆಯಬಹುದೆಂದು ದೊಡ್ಡ ಪ್ರಮಾಣದ ಮಾದರಿಗಳಲ್ಲಿ ತೋರಿಸಿ, 2011ರಲ್ಲಿ ಪ್ರಕಟಿಸಿದರು.

ಈ ಬ್ಯಾಕ್ಟೀರಿಯಗಳಿಗೆ ಉಣಿಸು ಬೇಕಲ್ಲ! ಲೋಕದಲ್ಲಿ ಹಲವು ಕಡೆ ಇದಕ್ಕಾಗಿ ಬಳಸಿರುವುದು ಸಕ್ಕರೆ ಕಾರ್ಖಾನೆಯ ಕಾಕಂಬಿ. ಆಳಂದ ಅಫಜಲಪುರಗಳ ಕಡೆಯ ಕಬ್ಬಿನ ರೈತರಿಗೆ ಇದರ ವಾಸನೆ ಚೆನ್ನಾಗಿ ಗೊತ್ತು. ಕಾಕಂಬಿಯನ್ನು ನೀರಿನಲ್ಲಿ ಕದಡಿ ಬಾವಿಯ ಮೂಲಕ ಇಳಿಸಿದರೆ, ಮೊದಲು ಬಂದ ಅಣುಜೀವಿಗಳು ಅದನ್ನುಂಡು ನೀರಿನಲ್ಲಿದ್ದ ಪ್ರಾಣವಾಯುವನ್ನೆಲ್ಲ ಸೇದಿಬಿಡುತ್ತವೆ. ಗಾಳಿಯಿಲ್ಲದ ಮೇಲೆ ಬದುಕಬೇಕಾದರೆ ಬೇರೇನನ್ನಾದರೂ ಉಸಿರಾಡಬೇಕು; ಆಗ ಕ್ರೋಮಿಯಂನ ಸರದಿ ಬರುತ್ತದೆ. ಸಿಹಿ ತಿನ್ನಿಸಿ ಉಸಿರು ಕಟ್ಟಿಸಿ ಕೆಲಸ ಮಾಡಿಸುವ ಈ ಉಪಾಯವನ್ನು ಕಂಡುಹಿಡಿದವರ ಬುದ್ಧಿಗೆ ತಲೆದೂಗಬೇಕು. ಆದರೆ ಇದೇ ಉಪಾಯವನ್ನು ಕಿರದಳ್ಳಿಗೆ ಕೊಂಡೊಯ್ಯಬಹುದೇ? ಇದಕ್ಕೆ ಉತ್ತರ ಹೇಳುವ ಮೊದಲು ಚಿನ್ನದ ಗಣಿಯ ಒಳಗೊಮ್ಮೆ ಇಣಿಕಬೇಕು.

ಚಿನ್ನದ ಗಣಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೋಲಾರ. ಒಂದು ಶತಮಾನಕ್ಕೂ ಮಿಕ್ಕಿ ನಡೆದು, 2001ರ ಫೆಬ್ರವರಿ ಕೊನೆಗೆ ಬಾಗಿಲು ಹಾಕಿದ ಆ ಗಣಿ ಮೂರು ಕೋಟಿ ಟನ್ನಿಗೂ ಹೆಚ್ಚಿನ ಹುಡಿಯನ್ನು ‘ಸೈನೈಡ್ ಗುಡ್ಡ’ಗಳಾಗಿ ಬಿಟ್ಟುಹೋಗಿದೆ. ಸಿನಿಮಾದವರಿಗೆ ಅವು ಒಳ್ಳೆಯ ಹಿನ್ನೆಲೆಯಾಗಿ ಒದಗಿವೆ. ಬೇಸಿಗೆಯ ಗಾಳಿಯಲ್ಲಿ ಅವುಗಳ ಧೂಳನ್ನು ಸೇವಿಸುವ ಊರಿನವರಿಗೆ ಅವು ಅಷ್ಟು ಸುಂದರವಾಗಿ ಕಾಣಲಾರವು. ಸೈನೈಡ್ ಎಂಬ ಹೆಸರು ಎಷ್ಟೇ ಭಯಂಕರವಾದರೂ ಅದು ಇಂಗಾಲ ಸಾರಜನಕಗಳ ಒಂದು ಗಂಟು. ಬಿಸಿಲು, ಗಾಳಿ, ಬ್ಯಾಕ್ಟೀರಿಯಗಳು ಸೇರಿ ಆ ಗಂಟನ್ನು ಬಿಚ್ಚಬಲ್ಲವು. ಅಮೆರಿಕದ ದಕ್ಷಿಣ ಡಕೋಟಾದಲ್ಲಿದ್ದ ಹೋಮ್‌ಸ್ಟೇಕ್ ಚಿನ್ನದ ಗಣಿಯವರು 1984ರಲ್ಲಿಯೇ ಇದಕ್ಕಾಗಿ ಒಂದು ಶುದ್ಧೀಕರಣ ಶಾಲೆಯನ್ನು ಕಟ್ಟಿದರು. ದೊಡ್ಡ ದೊಡ್ಡ ತಟ್ಟೆಗಳು ಗಣಿಯ ನೀರಿನಲ್ಲಿ ಅರ್ಧ ಮುಳುಗಿ ಮೆಲ್ಲಗೆ ತಿರುಗುತ್ತಿದ್ದುವು. ಅವುಗಳ ಮೈಗೆ ಲೋಳೆಯಂತೆ ಅಂಟಿದ ಬ್ಯಾಕ್ಟೀರಿಯಗಳು ಮುಳುಗಿದಾಗ ಸೈನೈಡನ್ನುಣ್ಣುತ್ತ ಮೇಲೆದ್ದಾಗ ಗಾಳಿ ಸೇದುತ್ತ ಕೆಲಸ ಸಾಗಿಸುತ್ತಿದ್ದುವು. ಗಣಿಯ ನೀರು ಸೇರುತ್ತಿದ್ದ ಹಳ್ಳದಲ್ಲಿ ಬಹುಕಾಲದ ಮೇಲೆ ಮತ್ತೆ ಮೀನು ಕಾಣಿಸಿಕೊಂಡಿತು.

ಆರ್ಸೆನಿಕ್ ಮಾತ್ರ ಈ ಬಗೆಯ ಶತ್ರುವಲ್ಲ. ಹಲವು ಕಡೆ ಚಿನ್ನವು ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಆರ್ಸೆನೊಪೈರೈಟ್ ಎಂಬ ಅದಿರಿನ ಒಡಲಲ್ಲಿ ಅಡಗಿರುತ್ತದೆ. ಇದನ್ನು ಬಿಡಿಸಲು ಬ್ಯಾಕ್ಟೀರಿಯವನ್ನೇ ಬಳಸಬಹುದೆಂದು ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರದ ಪ್ರೊ. ಕೆ. ಎ. ನಟರಾಜನ್ ಅವರು ಹಲವು ದಶಕ ಶ್ರಮಿಸಿದರು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಇದರ ಪ್ರಯೋಗ ನಡೆಯಿತು. ಅದಿರಿನ ಕಬ್ಬಿಣ ಗಂಧಕಗಳನ್ನೇ ಆಹಾರವಾಗಿ ಮಾಡಿಕೊಂಡ ಅಣುಜೀವಿಗಳು ಅದರ ಗೋಡೆಯನ್ನು ಕೊರೆದು ಚಿನ್ನಕ್ಕೆ ದಾರಿ ಬಿಡುತ್ತವೆ. ಕಾರ್ಖಾನೆಯ ತೊಟ್ಟಿಯೊಳಗೆ, ತಜ್ಞರ ಕಣ್ಣೆದುರಿಗೆ ಇದು ಉಪಕಾರ. ಅದೇ ಜಾತಿಯ ಅಣುಜೀವಿಗಳು ಹಳೆಯ ಗಣಿಯ ಹುಡಿಯಲ್ಲಿ, ಯಾರೂ ಕೇಳುವವರಿಲ್ಲದ ಬಯಲಿನಲ್ಲಿ, ಮಳೆಯ ನೀರನ್ನು ಕುಡಿದು ಅದೇ ಕೆಲಸಕ್ಕೆ ತೊಡಗಿದರೆ? ಬಂಡೆಯೊಳಗೆ ಸೆರೆಯಿದ್ದ ಆರ್ಸೆನಿಕ್ ಬಿಡುಗಡೆಯಾಗಿ ನೀರು ಸೇರುತ್ತದೆ. ಕಿರದಳ್ಳಿಯ ಬಾವಿಗಳಲ್ಲಿರುವ ಆರ್ಸೆನಿಕ್‌ನಲ್ಲಿ ಬಂಡೆಯ ಪಾಲೆಷ್ಟು, ಗಣಿಯ ಹುಡಿಯ ಪಾಲೆಷ್ಟು ಎಂಬುದನ್ನು ಬೇರೆಯಾಗಿಯೇ ಶೋಧಿಸಬೇಕೆಂದು ಆ ವರದಿಯವರು ಹೇಳಿದ್ದಾರೆ. ಆದರೆ ಪರೀಕ್ಷಿಸಿದ 12 ಮೇಲ್ಮಣ್ಣಿನ ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗಿಂತ ಹೆಚ್ಚಿನ ಆರ್ಸೆನಿಕ್ ಇತ್ತೆಂಬುದನ್ನೂ ಅವರು ದಾಖಲಿಸಿದ್ದಾರೆ.

ಬಿಡುಗಡೆಯಾದದ್ದನ್ನು ಮತ್ತೆ ಸೆರೆಹಿಡಿಯಬಲ್ಲ ಅಣುಜೀವಿಗಳೂ ಉಂಟು. ದಕ್ಷಿಣ ಫ್ರಾನ್ಸಿನ ಕಾರ್ನೂಲೆಸ್ ಎಂಬಲ್ಲಿ 1962ರಲ್ಲಿ ಮುಚ್ಚಿದ ಸೀಸದ ಗಣಿಯೊಂದಿದೆ. ಅಲ್ಲಿ ಬಿಟ್ಟುಹೋದ ಹದಿನೈದು ಲಕ್ಷ ಟನ್ ಹುಡಿಯ ಕೆಳಗಿನಿಂದ ಹುಟ್ಟುವ ತೊರೆಯ ನೀರಿನಲ್ಲಿ ಆರ್ಸೆನಿಕ್ ಮೈಕ್ರೋಗ್ರಾಂ ಲೆಕ್ಕದಲ್ಲಲ್ಲ, ಲೀಟರಿಗೆ ನೂರಾರು ಮಿಲಿಗ್ರಾಂ ಲೆಕ್ಕದಲ್ಲಿ ಇದ್ದುದುಂಟು. ಆ ತೊರೆ ಮೊದಲ 30 ಮೀಟರು ಹರಿಯುವಷ್ಟರಲ್ಲೇ ನೂರಕ್ಕೆ 20ರಿಂದ 60ರಷ್ಟು ಆರ್ಸೆನಿಕ್ ತನ್ನಷ್ಟಕ್ಕೆ ತಳಕ್ಕಿಳಿದುಬಿಡುತ್ತದೆ. ಯಾರೂ ನೇಮಿಸದ ಬ್ಯಾಕ್ಟೀರಿಯಗಳು ಗಾಳಿಯ ನೆರವಿನಿಂದ ಕಬ್ಬಿಣವನ್ನೂ ಆರ್ಸೆನಿಕ್ಕನ್ನೂ ತುಕ್ಕಿನ ಬಣ್ಣದ ಗಸಿಯಾಗಿಸಿ ಕೂರಿಸುವುದರ ಪರಿಣಾಮ ಇದು. ಕಲ್ಕತ್ತೆಯ ಸಮೀಪದ ಕಾಶಿಂಪುರದಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದವರು ಭಾರತೀಯರೊಡನೆ ಸೇರಿ ನಡೆಸಿದ ಪ್ರಯೋಗವೂ ಈ ತತ್ವದ್ದೇ. ಕೊಳವೆ ಬಾವಿಯಿಂದೆತ್ತಿದ ನೀರಿನ ಒಂದು ಪಾಲಿಗೆ ಗಾಳಿ ಬೆರೆಸಿ ಮತ್ತೆ ಅದೇ ನೆಲಕ್ಕಿಳಿಸುವುದು; ಅಲ್ಲಿನ ಅಣುಜೀವಿಗಳು ಕಬ್ಬಿಣವನ್ನು ತುಕ್ಕಾಗಿಸುವಾಗ ಆರ್ಸೆನಿಕ್ ಆ ತುಕ್ಕಿಗೆ ಅಂಟಿ ಮರಳಿನಲ್ಲೇ ಉಳಿಯುವುದು. ಮದ್ದು ಬೇಕಿಲ್ಲ, ಎಸೆಯಬೇಕಾದ ವಿಷದ ಕೆಸರೂ ಇಲ್ಲ.

ಸೂಕ್ಷ್ಮಮತಿಗಳಾದ ವಾಚಕರು ಇಷ್ಟರಲ್ಲಿ ಒಂದು ವಿರೋಧವನ್ನು ಗಮನಿಸಿರಬೇಕು. ಕ್ರೋಮಿಯಂ ಕೂರಬೇಕಾದರೆ ನೀರಿನಲ್ಲಿ ಗಾಳಿ ಇರಬಾರದು. ಆರ್ಸೆನಿಕ್ ತುಕ್ಕಿಗಂಟಿ ಕೂರಬೇಕಾದರೆ ಗಾಳಿ ಇರಲೇಬೇಕು. ಪೀಣ್ಯಕ್ಕೆ ಮದ್ದಾದ ಕಾಕಂಬಿಯೇ ಆರ್ಸೆನಿಕ್ ಇರುವ ನೆಲಕ್ಕೆ ಮುಳುವಾದೀತು! ಉಸಿರು ಕಟ್ಟಿದ ಬ್ಯಾಕ್ಟೀರಿಯಗಳು ತುಕ್ಕನ್ನೇ ಉಸಿರಾಡತೊಡಗುತ್ತವೆ. ತುಕ್ಕು ಕರಗಿದರೆ ಅದಕ್ಕಂಟಿದ್ದ ಆರ್ಸೆನಿಕ್ ಮತ್ತೆ ನೀರಿನ ಪಾಲು.

ಇದೇನು ಕಾಗದದ ಮೇಲಿನ ಭಯವೇ ಎಂದು ಕೇಳುವವರಿಗೆ ಅಮೆರಿಕದ ಬೆಮಿಜಿ ಎಂಬ ಊರಿನ ಅನುಭವವನ್ನು ಹೇಳಬೇಕು. 1979ರ ಆಗಸ್ಟ್ 20ರಂದು ಅಲ್ಲಿ ಎಣ್ಣೆಯ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರು ಕಚ್ಚಾ ಎಣ್ಣೆ ಚೆಲ್ಲಿತು. ಬಳಿದು ತೆಗೆದ ಮೇಲೂ ಅದರ ಕಾಲುಭಾಗದಷ್ಟು ನೆಲದೊಳಗುಳಿಯಿತು. 1983ರಿಂದ ವಿಜ್ಞಾನಿಗಳು ಆ ಜಾಗವನ್ನು ಶಾಲೆಯಂತೆ ಮಾಡಿಕೊಂಡು ವರ್ಷವರ್ಷವೂ ಬಾವಿಗಳನ್ನು ಪರೀಕ್ಷಿಸುತ್ತ ಬಂದರು. ಅಲ್ಲಿನ ಬ್ಯಾಕ್ಟೀರಿಯಗಳು ಎಣ್ಣೆಯನ್ನುಂಡು ಅದು ದೂರಕ್ಕೆ ಹರಡದಂತೆ ತಡೆದದ್ದು ಲೋಕಕ್ಕೆ ಒಂದು ದೊಡ್ಡ ಪಾಠವಾಯಿತು. ಆದರೆ ಮೂರು ದಶಕಗಳ ತರುವಾಯ ಇನ್ನೊಂದು ಸಂಗತಿ ಹೊರಬಿತ್ತು. ಎಣ್ಣೆಯನ್ನುಣ್ಣುವಾಗ ಅವು ಉಸಿರಾಡಿದ್ದು ಮರಳಿನ ಮೇಲಿನ ತುಕ್ಕನ್ನು. ಆ ತುಕ್ಕಿನಲ್ಲಿ ಯಾರಿಗೂ ತೊಂದರೆ ಕೊಡದೆ ಕುಳಿತಿದ್ದ ನೈಸರ್ಗಿಕ ಆರ್ಸೆನಿಕ್ ಕರಗಿ, ಕುಡಿಯುವ ನೀರಿನ ಮಿತಿಯನ್ನು ಬಹುವಾಗಿ ಮೀರಿ ನೀರಿಗೆ ಬಂದಿತ್ತು. ಒಂದು ನಂಜನ್ನು ತೊಳೆದ ಕೈ ಇನ್ನೊಂದನ್ನು ಬಡಿಸಿತ್ತು. ಮೂವತ್ತು ವರ್ಷ ಬಿಡದೆ ಪರೀಕ್ಷಿಸಿದವರಿಗಲ್ಲದೆ ಇದು ಯಾರಿಗೆ ತಿಳಿಯುತ್ತಿತ್ತು?

ಗಾಳಿಯಿಲ್ಲದೆಯೇ ಆರ್ಸೆನಿಕ್ಕನ್ನು ಹಿಡಿಯುವ ಇನ್ನೊಂದು ದಾರಿಯೂ ಇದೆಯೆಂಬುದನ್ನು ಮರೆಮಾಚಬಾರದು. ಗಂಧಕದ ಲವಣಗಳನ್ನು ಉಸಿರಾಡುವ ಒಂದು ಬ್ಯಾಕ್ಟೀರಿಯವು ಆರ್ಸೆನಿಕ್ಕನ್ನು ಗಂಧಕದೊಡನೆ ಕೂಡಿಸಿ ಹಳದಿಯ ಹುಡಿಯಾಗಿ ಇಳಿಸುತ್ತದೆಂದು 1997ರಲ್ಲಿ ಪ್ರಕಟವಾಯಿತು. ಆ ಹುಡಿ ಬೇರೇನೂ ಅಲ್ಲ, ನಮ್ಮ ಗ್ರಂಥಿಗೆ ಅಂಗಡಿಯವರು ಹರಿತಾಳವೆಂದು ಮಾರುತ್ತಿದ್ದ ಖನಿಜವೇ. ಆದರೆ ಅದಕ್ಕೆ ಬೇಕಾದ ಹದ ಬಹಳ ನವಿರಾದದ್ದು. ಗಂಧಕ ಸ್ವಲ್ಪ ಹೆಚ್ಚಾದರೂ, ಗಾಳಿ ಮತ್ತೆ ನುಸುಳಿದರೂ ಆರ್ಸೆನಿಕ್ ತಿರುಗಿ ಕರಗುವುದು.

ಈಗ ಕಿರದಳ್ಳಿಯ ಪ್ರಶ್ನೆಗೆ ಬರೋಣ. ಕಾಶಿಂಪುರದ ನೆಲ ಗಂಗೆ ತಂದು ಹಾಸಿದ ಮರಳು; ಅಲ್ಲಿ ನೀರು ಎಲ್ಲ ಕಡೆಗೂ ಸಮನಾಗಿ ಹರಿಯುವುದು, ಕಬ್ಬಿಣವೂ ಬೇಕಾದಷ್ಟಿದೆ. ಸುರಪುರದ ಸೀಮೆ ಗಟ್ಟಿ ಬಂಡೆಯದು. ಅಲ್ಲಿ ನೀರು ಬಿರುಕುಗಳಲ್ಲಿ ಹರಿಯುತ್ತದೆ. ಈ ಬಾವಿಗಿಳಿಸಿದ ನೀರು ಪಕ್ಕದ ಬಾವಿಗೇ ಹೋದೀತೆಂಬ ಭರವಸೆಯಿಲ್ಲ. ಎಲ್ಲೋ ಒಂದು ಬಿರುಕು ಹಿಡಿದು ದೂರದ ಇನ್ನಾರದೋ ಬಾವಿಗೆ ಸೇರಿದರೂ ಸೇರೀತು. ಅಲ್ಲಿ ಅಣುಜೀವಿಗಳಿಂದ ಕೆಲಸ ಮಾಡಿಸಬೇಕಾದರೆ ಯಾವ ಬಿರುಕು ಎಲ್ಲಿಗೆ ಹೋಗುತ್ತದೆ, ಆರ್ಸೆನಿಕ್ ಯಾವ ರೂಪದಲ್ಲಿದೆ, ಕಬ್ಬಿಣವೆಷ್ಟು ಗಂಧಕವೆಷ್ಟು ಎಂದು ಮೊದಲು ಅಳೆಯಬೇಕು. ಎತ್ತಿದ ನೀರನ್ನು ಮೇಲೆ ತೊಟ್ಟಿಯಲ್ಲಿಟ್ಟು ಬ್ಯಾಕ್ಟೀರಿಯ ಮತ್ತು ಕಬ್ಬಿಣದ ನೆರವಿನಿಂದ ಶೋಧಿಸುವುದು ನೆಲದೊಳಗೆ ಕೈಹಾಕುವುದಕ್ಕಿಂತ ಎಷ್ಟೋ ನಿರ್ಭಯವಾದ ಹಾದಿ. ತೊಟ್ಟಿಯಲ್ಲಿ ತಪ್ಪಾದರೆ ಕಣ್ಣಿಗೆ ಕಾಣುತ್ತದೆ. ಹಳೆಯ ಹುಡಿಯ ರಾಶಿಗೆ ಮಳೆಯ ನೀರು ಇಳಿಯದಂತೆ ಮುಚ್ಚಳ ಹಾಕುವುದಕ್ಕೆ ಯಾವ ಅಣುಜೀವಿಯೂ ಬೇಕಿಲ್ಲ, ಹಣ ಮತ್ತು ಮನಸ್ಸು ಸಾಕು.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಈ ವಿದ್ಯೆಯನ್ನು ಕುರಿತ ಉತ್ಸಾಹದಲ್ಲಿ ಒಂದು ಅಪಾಯವಿದೆ. ‘ಜೀವಾಣುಗಳು ಶುದ್ಧಮಾಡುತ್ತವೆ’ ಎಂಬ ಸುಲಭವಾದ ಮಾತು ಕೆಡಿಸಿದವರ ಬಾಯಲ್ಲಿ ಬಹಳ ಹಿತವಾಗಿರುತ್ತದೆ. ಕಾರ್ಖಾನೆ ಮುಚ್ಚಿ ಹೋಗುವವನು ‘ಪ್ರಕೃತಿಯೇ ನೋಡಿಕೊಳ್ಳುತ್ತದೆ’ ಎಂದು ಕೈ ತೊಳೆದುಕೊಳ್ಳಲು ಅದೊಂದು ನೆವವಾಗುತ್ತದೆ. ಹ್ಯಾನಹ್ಯಾನಿನಲ್ಲಿ ಎಣ್ಣೆ ಚೆಲ್ಲಿ ಹದಿನೇಳು ವರ್ಷವಾದ ಮೇಲೆ, ಖರ್ಚು ಮಾಡಿ, ಕೊಳವೆಯಿಟ್ಟು, ಉಣಿಸು ಕೊಟ್ಟು, ತಿಂಗಳು ತಿಂಗಳೂ ಅಳೆದದ್ದರಿಂದ ಫಲ ಸಿಕ್ಕಿತು. ಪೊಟ್ಟಣದಲ್ಲಿ ಬರುವ ಪುಡಿಯನ್ನು ಬಾವಿಗೆ ಸುರಿದರೆ ಎಲ್ಲ ನಂಜೂ ಹೋಗುವುದೆಂದು ಯಾರಾದರೂ ಹೇಳಿದರೆ, ಯಾವ ನಂಜು, ಅದು ಮುಂದೆ ಏನಾಗುತ್ತದೆ, ಯಾರು ಎಷ್ಟು ವರ್ಷ ಅಳೆಯುತ್ತಾರೆ ಎಂದು ಕೇಳಿರಿ. ಉತ್ತರ ಬರದಿದ್ದರೆ ಪೊಟ್ಟಣವನ್ನು ಹಿಂದಕ್ಕೆ ಕೊಡಿರಿ.

ತಾಂಡಾದ ತಾಯಂದಿರಾದರೋ ಈ ಪ್ರಯೋಗಗಳೆಲ್ಲ ಮುಗಿಯಲೆಂದು ಕಾಯುವಂತಿಲ್ಲ. ಆರ್ಸೆನಿಕ್ ದೇಹದಲ್ಲಿ ಸೇರಿದವರಿಗೆ ಮೊದಲ ಔಷಧ ಆ ನೀರನ್ನು ಬಿಡಿಸಿ ಬೇರೆ ನೀರನ್ನು ಕೊಡುವುದು. ಬಂಗಾಳದಲ್ಲಿ ನಂಜಿರುವ ಕೊಳವೆ ಬಾವಿಗೆ ಕೆಂಪು ಬಣ್ಣ, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿಯುವ ಪದ್ಧತಿಯಿದೆ. ಓದು ಬಾರದವರಿಗೂ ಅದು ತಿಳಿಯುತ್ತದೆ.

ಇನ್ನು ಬಂಡೆಯ ಸೀಮೆಯಲ್ಲಿ, ಹಳೆಯ ಗಣಿಗಳ ಬಳಿ, ಕೈಗಾರಿಕಾ ಪ್ರದೇಶಗಳ ಅಂಚಿನಲ್ಲಿ ಕೊಳವೆ ಬಾವಿಯ ನೀರನ್ನು ನಂಬಿದ ಮನೆಗಳವರಿಗೆ ಎರಡು ಮಾತು. ನೀರನ್ನು ಕಾಯಿಸುವುದರಿಂದ ಆರ್ಸೆನಿಕ್ ಹೋಗುವುದಿಲ್ಲ; ನೀರು ಆವಿಯಾಗಿ ಪ್ರಮಾಣ ತುಸು ಹೆಚ್ಚೇ ಆಗುವುದು. ಮೇಣದಬತ್ತಿಯಾಕಾರದ ಬಿಳಿಯ ಶೋಧಕವೂ ಅದನ್ನು ತಡೆಯಲಾರದು. ಅನುಮಾನವಿದ್ದಲ್ಲಿ ಶುಚಿಯಾದ ಬಾಟಲಿಯಲ್ಲಿ ನೀರು ತುಂಬಿ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕಳಿಸಬಹುದು. ಕಳಿಸುವಾಗ ‘ಆರ್ಸೆನಿಕ್ ಪರೀಕ್ಷೆ ಆಗಬೇಕು’ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಗಡಸುತನ, ಫ್ಲೋರೈಡ್, ನೈಟ್ರೇಟ್ ಮೊದಲಾದ ಸಾಮಾನ್ಯ ಪರೀಕ್ಷೆಗಳ ಪಟ್ಟಿಯಲ್ಲಿ ಅದು ತಾನಾಗಿ ಸೇರಿರುತ್ತದೆಂದು ತಿಳಿಯಬಾರದು. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪರೀಕ್ಷೆ ಮಾಡಿಸಿ, ಬಂದ ಎರಡು ಅಂಕಿಗಳನ್ನೂ ಅಡುಗೆಮನೆಯ ಗೋಡೆಯ ಮೇಲೆ ದಿನಾಂಕದೊಡನೆ ಬರೆದಿಟ್ಟುಕೊಳ್ಳಿರಿ.